ಮನೆಯ ಭಂಡಾರಕ್ಕೆ ಪರರ ಬೀಗ

ಮಧುಗಿರಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೊಂದು ಮರದ ಪೆಟ್ಟಿಗೆಯಿರುತ್ತಿದ್ದಿತು. ಕ್ರಯಪತ್ರ, ಪಹಣಿ, ಜಾತಕ, ಮದುವೆಯ ಛಾಯಾಚಿತ್ರ ಎಲ್ಲವೂ ಅದರೊಳಗೆ. ಬೀಗದ ಕೈ ಯಜಮಾನನ ಉಡಿದಾರದಲ್ಲಿ. ಇಂದು ಐ.ಡಿ.ಹಳ್ಳಿಯಂತಹ ಹೋಬಳಿ ಸ್ಥಳದಲ್ಲಿಯೂ ಆ ಕಾಗದಗಳು ಮೊಬೈಲಿನ ಚಿತ್ರಗಳಾಗಿವೆ. ಗೂಗಲ್ ಕಂಪೆನಿಯು 2021ರ ಜೂನ್ 1ರಿಂದ ಚಿತ್ರಗಳ ಅಪರಿಮಿತವಾದ ಉಚಿತ ಸಂಗ್ರಹವನ್ನು ನಿಲ್ಲಿಸಿತಷ್ಟೆ. ಪರರ ಉಗ್ರಾಣವನ್ನು ನಂಬಲೊಲ್ಲದ ಕೆಲವು ಗೃಹಸ್ಥರು ಎರಡು ಡಿಸ್ಕುಗಳ ಸ್ಟೋರೇಜ್ ಸರ್ವರೊಂದನ್ನು ಕೊಂಡು ಮನೆಯ ಮೂಲೆಯಲ್ಲಿ ಸ್ಥಾಪಿಸಿಕೊಂಡಿರುವರು. ತಮ್ಮ ಸೊತ್ತು ತಮ್ಮ ಮನೆಯಲ್ಲಿಯೇ ಇರಬೇಕೆಂಬ ಬುದ್ಧಿಯು ಶ್ಲಾಘ್ಯವಾದುದೇ. ಆದರೆ ಪೆಟ್ಟಿಗೆಯು ನಮ್ಮದಾದ ಮಾತ್ರಕ್ಕೆ ಬೀಗದ ಕೈಯೂ ನಮ್ಮದಾಯಿತೆ?

ಪೆಟ್ಟಿಗೆಯೊಡನೆ ಬರುವ ತಂತ್ರಾಂಶದಲ್ಲಿಯೇ ತೊಡಕು ಅಡಗಿರುವುದು. ಅದರಲ್ಲಿ ಸಿಂಕ್ ಎಂಬುದೊಂದು, ಬ್ಯಾಕಪ್ ಎಂಬುದಿನ್ನೊಂದು. ಸಿಂಕ್ ಕನ್ನಡಿಯಂತೆ, ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುವುದು. ಬ್ಯಾಕಪ್ ದಫ್ತರದ ನಕಲಿನಂತೆ. ಮೂಲವು ಕೆಟ್ಟರೂ ನಕಲು ನಿಲ್ಲತಕ್ಕದ್ದು. ಈ ಭೇದವನ್ನು ಕೊಳ್ಳುವವನಿಗೆ ಬಿಡಿಸಿ ಹೇಳುವವರಿಲ್ಲ. ಐ.ಡಿ.ಹಳ್ಳಿಯ ಕಡೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಆದುದೂ ಇದೇ. ಬೆಂಗಳೂರಿನಲ್ಲಿರುವ ಮಗನು ಮೊಬೈಲಿನಲ್ಲಿ ಸ್ಥಳವಿಲ್ಲವೆಂದು ಹಳೆಯ ಚಿತ್ರಗಳನ್ನು ತೆಗೆದುಹಾಕಿದನು. ತಂದೆಯ ಷಷ್ಟ್ಯಬ್ದಿಯ ಚಿತ್ರಗಳು ಊರಿನ ಪೆಟ್ಟಿಗೆಯಿಂದಲೂ ಮಾಯವಾದುವು. ಎರಡು ಡಿಸ್ಕುಗಳಿದ್ದುದರಿಂದ ಫಲವಾಗಲಿಲ್ಲ. ಎರಡನೆಯದು ಮೊದಲನೆಯದರ ಹಾದಿಯನ್ನೇ ಹಿಡಿಯಿತು. ಅಳಿಸಿದುದನ್ನು 30 ದಿನ ಕಾದಿರಿಸುವ ಏರ್ಪಾಡಿದ್ದಿತಾದರೂ ಮನೆಯವರಿಗೆ ಸಂಗತಿ ತಿಳಿದುದು ಮೂರನೆಯ ತಿಂಗಳಲ್ಲಿ. ಆ ತಂದೆಯವರು ಈಗಿಲ್ಲ. ಆ ಚಿತ್ರಗಳಿಗೆ ಬೆಲೆ ಕಟ್ಟುವವರಾರು?

ಬ್ಯಾಕಪ್ಪಿನ ಪಾಡೂ ಪೂರ್ಣ ನಿಶ್ಚಿಂತೆಯದಲ್ಲ. ಇಂತಹ ತಂತ್ರಾಂಶಗಳಲ್ಲಿ ಕೆಲವು ನಕಲನ್ನು ತಮ್ಮದೇ ಗೂಢಲಿಪಿಯಂತಹ ರೂಪದಲ್ಲಿ ಬರೆದಿಡುತ್ತವೆ. ಪೆಟ್ಟಿಗೆಯು ಕೆಟ್ಟ ದಿನ ಆ ನಕಲನ್ನು ಓದಲು ಮರಳಿ ಅದೇ ಕಂಪೆನಿಯ ಬಾಗಿಲಿಗೇ ಹೋಗಬೇಕು.

ಇದು ಒಂದು ಮನೆಯ ದೂರಲ್ಲ. 2021ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ಮೈ ಬುಕ್ ಲೈವ್ ಪೆಟ್ಟಿಗೆಗಳು ಇಂಟರ್ನೆಟ್ ಮುಖಾಂತರ ಆಕ್ರಮಣಕ್ಕೊಳಗಾಗಿ, ಅನೇಕ ದೇಶಗಳ ಜನರ ಸಂಗ್ರಹವು ಅಳಿದುಹೋಯಿತು. 2015ರ ಈಚೆಗೆ ಅವುಗಳ ತಂತ್ರಾಂಶವನ್ನು ಯಾರೂ ದುರಸ್ತು ಮಾಡಿರಲಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶವು ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿದು 0.03 ಬಿಟ್‌ಕಾಯಿನ್ ದಂಡ ಕೇಳಿತು. 2025ರಲ್ಲಿ ಸಿನಾಲಜಿ ಕಂಪೆನಿಯು ತನ್ನ ಕೆಲವು ಹೊಸ ಪೆಟ್ಟಿಗೆಗಳಲ್ಲಿ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕತಕ್ಕದ್ದೆಂದು ವಿಧಿಸಹೊರಟು, ಗ್ರಾಹಕರ ಪ್ರತಿಭಟನೆಯ ತರುವಾಯ ಅದೇ ವರ್ಷದ ಅಕ್ಟೋಬರಿನಲ್ಲಿ ಆ ನಿರ್ಬಂಧವನ್ನು ಸಡಿಲಿಸಿತು. ಜನರು ಬಾಯಿಬಿಟ್ಟರೆ ಕಂಪೆನಿಗಳಿಗೂ ಕಿವಿ ಬರುವುದೆಂಬುದಕ್ಕೆ ಇದೇ ಸಾಕ್ಷಿ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದುದನ್ನೂ, 1909ರಲ್ಲಿ ಅದು ಅಚ್ಚಾದುದನ್ನೂ ವಾಚಕರು ಬಲ್ಲರು. ಪ್ರತಿಯು ಗ್ರಂಥಲಿಪಿಯಲ್ಲಿದ್ದಿತು; ಲಿಪಿ ಬಲ್ಲವರೆಲ್ಲರೂ ಓದಬಹುದಾಗಿದ್ದಿತು. ಓಲೆಯನ್ನು ಸಿದ್ಧಪಡಿಸಿದವನ ಅಪ್ಪಣೆಗೆ ಶಾಸ್ತ್ರಿಗಳು ಕಾಯಬೇಕಾಗಿರಲಿಲ್ಲ. ನಕಲು ಮಾಡುವವರಿದ್ದುದರಿಂದಲೂ, ನಕಲು ಎಲ್ಲರೂ ಓದುವ ರೂಪದಲ್ಲಿದ್ದುದರಿಂದಲೂ ಆ ಗ್ರಂಥವು ಉಳಿಯಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೊಂದು ಊರಿನಲ್ಲಿರಲಿ. ಒಂದು ಡಿಸ್ಕು ತಂತಿಯ ಸಂಪರ್ಕವಿಲ್ಲದೆ ಬೀರುವಿನಲ್ಲಿರಲಿ. 1996ರಿಂದ ಬಳಕೆಯಲ್ಲಿರುವ ಆರ್‌ಸಿಂಕ್‌ನಂತಹ ಮುಕ್ತ ತಂತ್ರಾಂಶವು ಕಡತಗಳನ್ನು ಇದ್ದ ರೂಪದಲ್ಲಿಯೇ ನಕಲಿಸುವುದು. ಬಲ್ಲವರಿಂದ ಅದನ್ನು ಏರ್ಪಡಿಸಿಕೊಳ್ಳಬಹುದು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನಕಲಿನಿಂದ ನಾಲ್ಕು ಕಡತಗಳನ್ನು ಹೊರತೆಗೆದು ನೋಡತಕ್ಕದ್ದು. ತೆರೆದು ನೋಡದ ನಕಲು ನಕಲೇ ಅಲ್ಲ. ಪಂಚಾಯಿತಿ, ಶಾಲೆ, ಸಹಕಾರ ಸಂಘಗಳಿಗಾಗಿ ಇಂತಹ ಪೆಟ್ಟಿಗೆಗಳನ್ನು ಕೊಳ್ಳುವ ಅಧಿಕಾರಿಗಳು, ನಕಲು ಮುಕ್ತ ರೂಪದಲ್ಲಿರಬೇಕೆಂದೂ, ಅದನ್ನು ಮರಳಿ ತೆಗೆದು ತೋರಿಸಿದ ಮೇಲೆಯೇ ಹಣ ಪಾವತಿಯೆಂದೂ ಟೆಂಡರಿನಲ್ಲಿ ಎರಡು ಸಾಲು ಬರೆಯಿಸಲಿ.

ನಮ್ಮ ಮನೆಯಲ್ಲಿ, ನಮ್ಮ ಹಣದಲ್ಲಿ, ನಮ್ಮ ತಂದೆತಾಯಿಗಳ ಮುಖಗಳನ್ನು ಕಾಯುವ ಪೆಟ್ಟಿಗೆಗೆ ದೂರದ ಯಾರೋ ಯಜಮಾನರಾಗುವುದು ಸ್ವರಾಜ್ಯವೆನಿಸದು. ಬೀಗದ ಕೈ ಉಡಿದಾರಕ್ಕೆ ಮರಳಲಿ.