ಎರಡು ವರದಿಗಳ ಕತೆ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ನಿಜಾಮನ ಹೈದರಾಬಾದ್ ಸಂಸ್ಥಾನದ ಅಂಚಿನ ಸೀಮೆ. ಆಚೆಗೆ ಸೋಲಾಪುರ, ವಿಜಯಪುರ. ಅಂದರೆ ಮುಂಬೈ ಪ್ರಾಂತ್ಯ. ಕಾಸೀಂ ರಜ್ವಿಯ ರಜಾಕಾರರಿಗೆ ಹೆದರಿ ಜನ ಆ ಕಡೆ ಓಡಿದರು, ಗಡಿ ಶಿಬಿರಗಳ ಹೋರಾಟಗಾರರು ಈ ಕಡೆ ನುಗ್ಗಿದರು. ಪ್ರತಿ ಸೆಪ್ಟೆಂಬರ್ 17ಕ್ಕೆ ಇದನ್ನು ಕೇಳುತ್ತಲೇ ಬೆಳೆದವಳು ನಾನು.

ರಜಾಕಾರರಿಂದ ಎಷ್ಟು ಅಪಾಯ ಎಂಬುದನ್ನು ಭಾರತ ಸರ್ಕಾರ ಅಳೆಯುತ್ತಲೇ ಇತ್ತು. ಹೈದರಾಬಾದಿನಲ್ಲಿದ್ದ ಪ್ರತಿನಿಧಿ ಕೆ.ಎಂ. ಮುನ್ಷಿ ದೆಹಲಿಗೆ ವರದಿ ಕಳಿಸುತ್ತಿದ್ದರು. 1948ರಲ್ಲಿ ಸರ್ಕಾರ ಶ್ವೇತಪತ್ರವನ್ನೇ ಅಚ್ಚು ಹಾಕಿಸಿತು. ಕೊಲೆ, ಲೂಟಿ, ಗಡಿ ದಾಳಿ ಎಲ್ಲ ಅದರಲ್ಲಿತ್ತು. ಸೆಪ್ಟೆಂಬರ್ 13ಕ್ಕೆ ಸೇನೆ ಬಂತು, ಐದನೇ ದಿನ ನಿಜಾಮ ಶರಣಾದ.

ಆಮೇಲಿನ ವರದಿಯ ಬಗ್ಗೆ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮೇಲೆ ಹಿಂಸೆ ನಡೆದ ಸುದ್ದಿ ಬಂದಾಗ ನೆಹರೂ, ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಕಳಿಸಿದರು. ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತರೆಂಬುದು ತಂಡದ ಅಂದಾಜು. ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಹೌದು, ನಮ್ಮ ಜಿಲ್ಲೆಯೂ. ಲೆಕ್ಕದ ಬಗ್ಗೆ ತಕರಾರಿದೆ, ಇರಲಿ. ತಕರಾರು ತೆಗೆಯುವುದಕ್ಕಾದರೂ ಕಾಗದ ಕೈಗೆ ಸಿಗಬೇಕಲ್ಲ? ಶ್ವೇತಪತ್ರ ಆಗಲೇ ಊರೆಲ್ಲ ಓದಿತು. ಇದು ದಶಕಗಟ್ಟಲೆ ಪ್ರಕಟವಾಗಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ನೋಡಲು ಸಿಗುತ್ತದೆಂದು ಹೆಚ್ಚಿನವರಿಗೆ ತಿಳಿದದ್ದೇ 2013ರಲ್ಲಿ.

ಅದರಲ್ಲೇ ಇನ್ನೊಂದು ಸಂಗತಿಯಿದೆ. ಮುಸ್ಲಿಂ ನೇಕಾರರನ್ನು ಹಿಂದೂ ನೇಕಾರರು ಜೀವ ಕೊಟ್ಟು ಕಾಪಾಡಿದರಂತೆ. ಅಂಥವರು ನಮ್ಮ ಸೀಮೆಯಲ್ಲೂ ಇದ್ದರೇ ಎಂದು ಈಗ ಊರಿನ ಹಿರಿಯರನ್ನು ಕೇಳುತ್ತಿದ್ದೇನೆ.