ಮುಗಿಯುವ ಆಟ ಹೇಳು ಅಜ್ಜಾ!

ಏಪ್ರಿಲ್ ರಜೆಗೆ ಮೊಮ್ಮಗ ತೀರ್ಥಹಳ್ಳಿಗೆ ಬಂದಿಳಿದಾಗ ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹೊರಬಂದದ್ದು ಅವನ ಸೋದರಮಾವ ಸಿಂಗಪುರದಿಂದ ತಂದುಕೊಟ್ಟ ನಿಂಟೆಂಡೋ ಸ್ವಿಚ್. ಅದರ ಹಿಂದೆಯೇ ಸೊಸೆಯ ಫೋನೂ ಬಂತು. "ಮಾವಯ್ಯ, ದಿನಕ್ಕೆ ಅರ್ಧ ಗಂಟೆ ಮಾತ್ರ. ನೀವು ಸಲಿಗೆ ಕೊಡಬೇಡಿ."

ಮೊದಲ ದಿನವೇ ಜಗಳ. ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಅವನ ಆಟದ ಕಥೆ ಶುರುವಾಗಿತ್ತಷ್ಟೆ. "ಈಗಿನ ಆಟ ಯಾವುದೂ ಮುಗಿಯೋದೇ ಇಲ್ಲ ಅಜ್ಜಾ. ಮಾರಿಯೋ ಥರ ಹಾರಿಕೊಂಡು ಹೋಗುವಂಥದ್ದು, ಹಳೇದು, ಚಿಕ್ಕದು, ಪೂರ್ತಿ ಮುಗಿಸೋಕಾಗುವಂಥದ್ದು ಯಾವುದಾದ್ರೂ ಇದ್ರೆ ಹೇಳು" ಎಂದ.

ನಿವೃತ್ತ ಪೋಸ್ಟ್ ಮಾಸ್ಟರನಿಗೆ ಅದೆಲ್ಲ ಎಲ್ಲಿಂದ ಗೊತ್ತು? ಗೊತ್ತಿದ್ದವನು ನನ್ನ ಮಗ. ಆದರೆ ಈ ವಿಷಯ ಎತ್ತಿ ಅವನನ್ನು ಕೇಳಲು ನನಗೆ ಮುಖವಿರಲಿಲ್ಲ.

ಕಾರಣ ಹೇಳುತ್ತೇನೆ. 1997ರಲ್ಲಿ ಅವನು ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಇತ್ತು. ಜಪಾನಿನ ನಿಂಟೆಂಡೋ ಯಂತ್ರದ ನಕಲು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿದ್ದರೂ ಒಳಗಿದ್ದದ್ದು ನಾಲ್ಕಾರು ಮಾತ್ರ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಅದರಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಎಂದರೆ ಅವನಿಗೆ ಜೀವ. ಆ ಆಟದಲ್ಲಿ ಎಲ್ಲಿಗೆ ತಲುಪಿದೆವೆಂದು ಉಳಿಸಿಡುವ ಉಪಾಯವಿಲ್ಲ. ಕರೆಂಟು ಹೋದರೆ ಮೊದಲಿಂದ ಶುರು. ಹುಡುಗ ಕೊನೆಯ ಕೋಟೆಯವರೆಗೆ ಹೋಗಿ, ಊಟಕ್ಕೆ ಕರೆದಾಗ ಟಿವಿ ಮಾತ್ರ ಆರಿಸಿ ಯಂತ್ರವನ್ನು ಹಾಗೇ ಬಿಟ್ಟಿದ್ದ, ಎರಡು ದಿನ. ಬಿಸಿಯಾದ ಅಡಾಪ್ಟರು ನನ್ನ ಕೈಗೆ ತಾಗಿತು. ಪರೀಕ್ಷೆಗೆ ಮೂರು ವಾರ ಇತ್ತು. ಪ್ಲಗ್ ಕಿತ್ತು, ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. "ಪರೀಕ್ಷೆ ಮುಗಿದ ಮೇಲೆ ಕೊಡ್ತೇನೆ" ಎಂದಿದ್ದೆ. ಕೊಡಲಿಲ್ಲ. ಅವನೂ ಕೇಳಲಿಲ್ಲ.

ಕೊನೆಗೆ ಫೋನ್ ಮಾಡಿದೆ. ಒಂದು ಕ್ಷಣ ಸುಮ್ಮನಿದ್ದು, "ಬರ್ಕೊಳ್ಳಿ ಅಪ್ಪಯ್ಯ" ಎಂದ. ಲೆಕ್ಕದ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ. ರಜೆಯುದ್ದಕ್ಕೂ ಮೊಮ್ಮಗ ಆಡಿದ, ನಾನು ಪಕ್ಕದಲ್ಲಿ ಕೂತು ನೋಡಿದೆ.

ಮೊದಲನೆಯದು 'ಕರ್ಬೀಸ್ ಡ್ರೀಮ್ ಲ್ಯಾಂಡ್'. 1992ರಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬಂದದ್ದು. ಮಾಡಿದವನು ಮಸಾಹಿರೋ ಸಕುರಾಯಿ, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಆಟ ಗೊತ್ತಿಲ್ಲದವರೂ ಆಡುವಂತಿರಬೇಕು ಎಂಬುದೇ ಉದ್ದೇಶ. ಕರ್ಬಿ ಒಂದು ಉಂಡೆ. ಗಾಳಿ ಎಳೆದು ಎದುರಾಳಿಯನ್ನು ನುಂಗುತ್ತದೆ, ಗಾಳಿ ತುಂಬಿಕೊಂಡು ಹಾರುತ್ತದೆ. ಆದ್ದರಿಂದ ಹಳ್ಳಕ್ಕೆ ಬೀಳುವ ಭಯ ಕಡಿಮೆ. ಒಟ್ಟು ಐದೇ ಹಂತ. ಮೊಮ್ಮಗ ಎರಡನೇ ದಿನಕ್ಕೆ ಮುಗಿಸಿದ. ಗೇಮ್ ಬಾಯ್ ಪರದೆಗೆ ಬಣ್ಣವಿರಲಿಲ್ಲವಾದ್ದರಿಂದ ಅಮೆರಿಕದಲ್ಲಿ ಡಬ್ಬದ ಮೇಲೆ ಕರ್ಬಿಯನ್ನು ಬೆಳ್ಳಗೆ ಅಚ್ಚು ಹಾಕಿದ್ದರಂತೆ. ಅದರ ನಿಜವಾದ ಬಣ್ಣ ಗುಲಾಬಿ.

ಅಜ್ಜ ಅಜ್ಜಿಯರು ಕೈ ಹಾಕುವುದಿದ್ದರೆ ಇದರಿಂದಲೇ ಶುರು ಮಾಡಿ. ನನ್ನವಳು ಹಪ್ಪಳ ಒಣಗಿಸುವುದನ್ನು ಬಿಟ್ಟು ಬಂದು ಒಂದು ಹಂತ ದಾಟಿದಳು.

ಎರಡನೆಯದು 'ಸೂಪರ್ ಮಾರಿಯೋ ಲ್ಯಾಂಡ್', 1989. ನಾಲ್ಕು ಲೋಕ, ಲೋಕಕ್ಕೆ ಮೂರು ಹಂತ, ಒಟ್ಟು ಹನ್ನೆರಡು. ಕೈ ಪಳಗಿದವರಿಗೆ ಮುಕ್ಕಾಲು ಗಂಟೆ ಸಾಕು. ಮಾರಿಯೋ ಬಲ್ಲ ಮಕ್ಕಳಿಗೆ ಇದರಲ್ಲಿ ತಮಾಷೆಯ ಪೆಟ್ಟುಗಳಿವೆ. ಆಮೆಯ ಮೇಲೆ ಹಾರಿದರೆ ಒದೆಯಲು ಚಿಪ್ಪು ಸಿಗುವುದಿಲ್ಲ, ಅದು ಬಾಂಬಿನಂತೆ ಸಿಡಿಯುತ್ತದೆ. ನಮ್ಮವ ಮೂರು ಸಲ ಮೋಸಹೋದ. ಈಜಿಪ್ಟಿನ ಪಿರಮಿಡ್ಡಿನಂಥ ಊರಲ್ಲಿ ಶುರುವಾಗಿ, ನಡುವೆ ಜಲಾಂತರ್ಗಾಮಿ ಓಡಿಸಿ, ಕೊನೆಗೆ ವಿಮಾನವೇರಿ ಯುದ್ಧ. ರಾಜಕುಮಾರಿಯೂ ಬೇರೆ, ಇವಳ ಹೆಸರು ಡೇಸಿ.

ಮೂರನೆಯದು 'ಡಕ್‌ಟೇಲ್ಸ್', ಕ್ಯಾಪ್‌ಕಾಮ್ ಕಂಪನಿಯದು, 1989. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಅದೇ ಜಿಪುಣ ಬಾತುಕೋಳಿ ಸ್ಕ್ರೂಜ್. ಊರುಗೋಲನ್ನು ನೆಲಕ್ಕೆ ಕುಟ್ಟಿ ಅದರ ಮೇಲೇ ನೆಗೆಯುತ್ತಾನೆ. ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ, ಈ ಐದನ್ನು ಯಾವ ಕ್ರಮದಲ್ಲಾದರೂ ಆಡಬಹುದು. ದಿನಕ್ಕೊಂದು ಜಾಗ ಎಂದು ಹಂಚಿದರೆ ಅರ್ಧ ಗಂಟೆಯ ಲೆಕ್ಕಕ್ಕೆ ಸರಿಹೊಂದುತ್ತದೆ. ಚಂದ್ರನ ಮೇಲೆ ಮುದುಕ ಆಮ್ಲಜನಕವೂ ಇಲ್ಲದೆ ಓಡಾಡುವುದೇಕೆಂದು ಕೇಳಬೇಡಿ, ಅಲ್ಲಿನ ಸಂಗೀತ ಕೇಳಿ. ಇದೂ, ಇಬ್ಬರು ಜೊತೆಯಾಗಿ ಆಡುವ ಅಳಿಲುಗಳ ಆಟ 'ಚಿಪ್ ಎನ್ ಡೇಲ್ ರೆಸ್ಕ್ಯೂ ರೇಂಜರ್ಸ್' ಕೂಡಾ 'ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್' ಎಂಬ ಕಟ್ಟಿನಲ್ಲಿ ಕಂಪ್ಯೂಟರಿಗೆ ಸಿಗುತ್ತವೆ. ತಪ್ಪಿದರೆ ಆಟವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯವೂ ಅದರಲ್ಲಿದೆ. ಅಳಿಲಿನ ಆಟದಲ್ಲಿ ಒಬ್ಬರನ್ನೊಬ್ಬರು ಎತ್ತಿ ಎಸೆಯಬಹುದು. ಒಡಹುಟ್ಟಿದವರು ಎಚ್ಚರ!

ಪಟ್ಟಿಯ ಕೊನೆಯಲ್ಲಿ ಮಗ ಹೇಳಿದ್ದು 1985ರ ಮಾರಿಯೋ. ಅದು ಸ್ವಿಚ್‌ನಲ್ಲೂ ಇದೆ. ಆದರೆ ನಾನು ಅಟ್ಟ ಹತ್ತಿದೆ. ಗೋಣಿಚೀಲ ಅಲ್ಲೇ ಇತ್ತು. ಹೊಸ ಅಡಾಪ್ಟರು ತಂದು, ಹಳದಿ ಕೆಂಪು ವೈರು ಸಿಕ್ಕಿಸಿದಾಗ ಯಂತ್ರ ಹೊತ್ತಿಕೊಂಡಿತು.

ಮಕ್ಕಳೇ, ಇದರ ಮೊದಲ ಅರ್ಧ ನಿಮಿಷವನ್ನು ಗಮನಿಸಿ ನೋಡಿ. ಎದುರಿಂದ ಒಂದು ಗುಂಬಾ ನಡೆದುಬರುತ್ತದೆ. ಏನೂ ಮಾಡದಿದ್ದರೆ ಸಾವು, ಹಾರಬೇಕೆಂದು ತಿಳಿಯುತ್ತದೆ. ಹಾರಿ ತಲೆ ತಾಗಿಸಿದ ಪೆಟ್ಟಿಗೆಯಿಂದ ಅಣಬೆ ಬಂದು ಬಲಕ್ಕೆ ಜಾರುತ್ತದೆ, ಕೊಳವೆಗೆ ಬಡಿದು ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಗಾಬರಿಯಿಂದ ತಾಗಿದರೆ ದೊಡ್ಡವರಾಗುತ್ತೀರಿ! ಒಂದಕ್ಷರ ಬರೆಯದೆ ಪಾಠ ಮಾಡಿದ ಮೇಷ್ಟ್ರು ಶಿಗೆರು ಮಿಯಾಮೊಟೊ. 32 ಹಂತಗಳ ಇಡೀ ಆಟ ಕೇವಲ 40 ಕಿಲೋಬೈಟ್. ನಾವು ಮುದುಕರು ಬೆಳಗಾಗುತ್ತಲೇ ಕಳಿಸುವ ಗುಡ್ ಮಾರ್ನಿಂಗ್ ಚಿತ್ರವೇ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಮೋಡದ ಚಿತ್ರವನ್ನೇ ಹಸಿರು ಮಾಡಿ ಪೊದೆ ಎಂದು ಇಟ್ಟಿದ್ದಾರೆ, ಹುಡುಕಿ.

ಇಷ್ಟು ಉದ್ದದ ಆಟ ಅರ್ಧ ಗಂಟೆಗೆ ಹೇಗೆ? 1-2ರಲ್ಲಿ ಕೊನೆಯ ಹತ್ತಿರ ಚಾವಣಿಯ ಮೇಲೇರಿ ಓಡಿ, ನಾಲ್ಕನೇ ಲೋಕದ ಕೊಳವೆ ಸಿಗುತ್ತದೆ. 4-2ರಲ್ಲಿ ಅಡಗಿರುವ ಬಳ್ಳಿ ಹತ್ತಿದರೆ ಎಂಟನೇ ಲೋಕಕ್ಕೆ ದಾರಿ. ಎಂಟೇ ಹಂತದಲ್ಲಿ ಆಟ ಮುಗಿಯುತ್ತದೆ. ಪ್ರಾಣವೆಲ್ಲ ಹೋದರೆ ಯಂತ್ರ ಆರಿಸಬೇಡಿ. ಶುರುವಿನ ಪರದೆಯಲ್ಲಿ ಎ ಗುಂಡಿ ಒತ್ತಿ ಹಿಡಿದೇ ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಮೊದಲಿಂದ ಆಡಬಹುದು. ಇದನ್ನು ಫೋನಿನಲ್ಲಿ ಹೇಳುತ್ತಾ ಮಗ, "ನನಗೆ ಆಗ ಇದು ಗೊತ್ತಿರಲಿಲ್ಲ ಅಪ್ಪಯ್ಯ. ಅದಕ್ಕೇ ಆರಿಸ್ಲಿಲ್ಲ" ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಮೊಮ್ಮಗ 8-4ರಲ್ಲಿ ಸಿಕ್ಕಿಬಿದ್ದ. ಆ ಕೋಟೆ ಚಕ್ರವ್ಯೂಹ, ತಪ್ಪು ದಾರಿ ಹಿಡಿದರೆ ಮತ್ತೆ ಅಲ್ಲಿಗೇ ತಂದು ಬಿಡುತ್ತದೆ. ಶನಿವಾರ ಮಗ ಬೆಂಗಳೂರಿನಿಂದ ಬಂದ. ಟಿವಿಯ ಮುಂದಿದ್ದ ಯಂತ್ರವನ್ನು ನೋಡಿದ, ನನ್ನನ್ನು ನೋಡಿದ. ಪ್ಯಾಂಟನ್ನೂ ಬದಲಿಸದೆ ನೆಲಕ್ಕೆ ಕೂತ. ಅಪ್ಪ ಮಗ ಇಬ್ಬರೂ ಒಂದೊಂದೇ ಕೊಳವೆ ಹೊಕ್ಕು ನೋಡುತ್ತಾ, ಬಯ್ದುಕೊಳ್ಳುತ್ತಾ ಸಾಗಿದರು. ಅವತ್ತು ಅರ್ಧ ಗಂಟೆಯ ಲೆಕ್ಕವನ್ನು ಯಾರೂ ಇಡಲಿಲ್ಲ, ಸೊಸೆಗೆ ಹೇಳಬೇಡಿ. ರಾತ್ರಿ ಹತ್ತಕ್ಕೆ ರಾಜಕುಮಾರಿ ಸಿಕ್ಕಳು.

ಮಗ ರಿಮೋಟನ್ನು ನನ್ನ ಕೈಗಿಟ್ಟ. "ಈಗ ನಿಮ್ಮ ಸರದಿ ಅಪ್ಪಯ್ಯ." ಒಮ್ಮೆ ಗೆದ್ದ ಮೇಲೆ ಆಟ ಕಷ್ಟವಾಗುತ್ತದೆ, ಗುಂಬಾಗಳ ಜಾಗದಲ್ಲಿ ಗಟ್ಟಿ ಚಿಪ್ಪಿನ ಜೀರುಂಡೆಗಳು ಬರುತ್ತವೆ ಎಂದು ಇಬ್ಬರೂ ಹೇಳಲೇ ಇಲ್ಲ. ಮೊದಲನೆಯದಕ್ಕೇ ಸತ್ತೆ.