ಕಲಬುರಗಿಯ ಬಿಸಿಲು, ಮಂಗಳೂರಿನ ಸೆಕೆ, ಎಪ್ಪತ್ತರ ದೇಹ

ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟದ ಹೊರತು ಹವಾಮಾನ ಇಲಾಖೆ ಬಿಸಿಗಾಳಿಯ ಮಾತೆತ್ತುವುದಿಲ್ಲ. ಕರಾವಳಿಗಾದರೆ ಆ ಲೆಕ್ಕ 37ಕ್ಕೇ ಶುರು. ಕರಾವಳಿಯವರ ಮೈಗೆ ಈ ಅಂತರದ ಅರ್ಥ ಚೆನ್ನಾಗಿ ಗೊತ್ತು.

ದೇಹ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಗಾಳಿಯೇ ತೇವ. ಬೆವರು ಬನಿಯನ್ ತೋಯಿಸಿ ಇಳಿಯುತ್ತದೆ, ಆರುವುದಿಲ್ಲ. ಕಲಬುರಗಿಯ ಒಣ ಗಾಳಿಯಲ್ಲಿ ಅದು ಮೂಡಿದಲ್ಲೇ ಆರುತ್ತದೆ. ಒಳ್ಳೆಯದೇ. ಆದರೆ ಅಂಗಿ ಒದ್ದೆಯಾಗದ್ದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ.

ವಯಸ್ಸಾದವರಲ್ಲಿ ಬೆವರುವುದೇ ಕಡಿಮೆ. ಚರ್ಮದತ್ತ ಹೆಚ್ಚು ರಕ್ತ ಕಳಿಸಲು ಹೃದಯ ಏಗಬೇಕು, ಮೂತ್ರಪಿಂಡಕ್ಕೆ ನೀರು ಉಳಿಸಿಕೊಳ್ಳುವ ಶಕ್ತಿ ಕುಂದಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬಾಯಾರಿಕೆ. "ನೀರಡಿಕೀನ ಇಲ್ಲಪಾ" ಎನ್ನುವ ಅಜ್ಜ ಹಟ ಮಾಡುತ್ತಿಲ್ಲ. ದೇಹ ಒಣಗಿದ ಸುದ್ದಿ ಮಿದುಳಿಗೆ ಮುಟ್ಟುವುದೇ ತಡ. ರಾತ್ರಿ ಮೂತ್ರಕ್ಕೆ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಬಿಡುವ ಅಜ್ಜಿಯರು ಎಷ್ಟಿಲ್ಲ! ಅದರ ಮೇಲೆ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಬೇರೆ. ನೀರು, ಉಪ್ಪು ಎರಡೂ ಇಳಿದು, ಮಂಚದಿಂದೇಳುವಾಗ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ಚೀಟಿಯಲ್ಲಿ 'ಮೂಳೆ ಮುರಿತ' ಎಂದಷ್ಟೇ ಇರುತ್ತದೆ. ಬಿಸಿಲಿನ ಹೆಸರು ಎಲ್ಲೂ ಬರುವುದಿಲ್ಲ.

ಇನ್ನು ರಾತ್ರಿ. ಆರ್‌ಸಿಸಿ ಛಾವಣಿ ಹಗಲೆಲ್ಲ ಹೀರಿದ ಶಾಖವನ್ನು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ತಗಡಿನದು ರಾತ್ರಿ ಬೇಗ ಆರಿದರೂ ಮಧ್ಯಾಹ್ನ ಕೆಂಡ. ದಪ್ಪ ಮಣ್ಣಿನ ಹಳೆಯ ಮಾಳಿಗೆ ಮನೆಗಳನ್ನು ಕೆಡವಿದ ಊರುಗಳು ಈ ಲೆಕ್ಕ ಹಾಕಿದಂತಿಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸೆಕೆಗೆ ಸತ್ತವರು ಸುಮಾರು 15,000, ಬಹುತೇಕ ವೃದ್ಧರೇ. ಛಾವಣಿಯ ಕೆಳಗೇ ಮಲಗುತ್ತಿದ್ದವರಿಗೆ ಅಪಾಯ ಹೆಚ್ಚಿತ್ತು, ರಾತ್ರಿಯೂ ಬಿಡುವಿರಲಿಲ್ಲ.

ಫ್ಯಾನ್ ಇದೆಯಲ್ಲ ಎನ್ನಬಹುದು. 40 ಡಿಗ್ರಿ ದಾಟಿದರೆ ಅದು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಆಗ ಅದನ್ನು ನೆಚ್ಚಬೇಡಿ ಎನ್ನುತ್ತದೆ. ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತು ಒರೆಸುವುದು ಹೆಚ್ಚು ಉಪಯೋಗ.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮನೆಯ ಹಿರಿಯರ ಸಂತೆ, ಪಿಂಚಣಿಯ ಓಡಾಟಕ್ಕೂ ಹೊತ್ತು ಬದಲಾಗಲಿ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ನೀರೋ ಮಜ್ಜಿಗೆಯೋ ಕೈಗೆ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಯುಗಾದಿಗೆ ಮುಂಚೆಯೇ ಅದರ ಚೀಟಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ.